ಜೀವಕೋಶಕ್ಕೊಂದು ಕೂದಲು

ಹಸಿದಿದ್ದವಲ್ಲ... ಹಸಿದವಕ್ಕೆ ಊಟ ಹಾಕಿದ್ದು ತಪ್ಪಾಗುತ್ತದಾ? ಅಥವಾ ಬಾಟಲಿ ತಪ್ಪಿ ಬೇರೆ ಏನನ್ನಾದರೂ ಸುರಿದುಬಿಟ್ಟೆನಾ? ಹೇಳಿಬಿಡಲೇ, ಸುಮ್ಮನಿರಲೇ?

ಕುಸುಮಾಳ ಕೈ ಇನ್ನೂ ಇನ್‌ಕ್ಯುಬೇಟರಿನ ಬಾಗಿಲ ಮೇಲೇ ಇತ್ತು. ನಾಗರಬಾವಿ ಪಕ್ಕದ ಕ್ಯಾಂಪಸ್ಸಿನ ಆ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿ ಅವಳಿಗೆ ವಾರವೂ ತುಂಬಿರಲಿಲ್ಲ. ಮೈಕ್ರೋಸ್ಕೋಪಿನ ಮೇಲೆ ಬಗ್ಗಿದ್ದ ಹುಡುಗ ತಲೆ ಎತ್ತದೆಯೇ ಕೇಳಿದ.

“ಈ ಡಿಶ್‌ಗೆ ಸೀರಂ ಯಾರ್ ಹಾಕಿದ್ರಿ?”

“ನಾನೇ. ಎರಡು ದಿನದಿಂದ ಏನೂ ಹಾಕಿರ್ಲಿಲ್ಲ. ನೀವು ಮರ್ತು ಹೋಗಿದೀರ ಅಂದ್ಕೊಂಡು...”

ಅವನು ತಲೆ ಎತ್ತಿದ. ಬೈಗುಳಕ್ಕಾಗಿ ಅವಳು ಮೈ ಬಿಗಿ ಹಿಡಿದು ನಿಂತಳು. ಬೈಗುಳ ಬರಲಿಲ್ಲ. ನಿದ್ದೆ ಇಲ್ಲದ ಆ ಕಣ್ಣುಗಳು ಅವಳನ್ನು ಕ್ಷಣ ಹೊತ್ತು ನೋಡಿ, ಮತ್ತೆ ಕೆಳಗಾದವು.

“ಬೇಕಂತನ ಉಪವಾಸ ಇಟ್ಟಿದ್ದೆ ರೀ,” ಅಂದ. ಅಷ್ಟೇ.

ಅದು ಎರಡು ಸಾವಿರದ ಆರನೇ ಇಸವಿ. ಅವನ ಹೆಸರು ರುದ್ರೇಶ, ರಾಣೆಬೆನ್ನೂರಿನ ಕಡೆಯವನು, ಪಿಎಚ್‌.ಡಿ. ಮಾಡುತ್ತಿದ್ದ. ಅವನ ಡಿಶ್‌ಗಳಲ್ಲಿ ಇದ್ದದ್ದು ನಾಯಿಯ ಮೂತ್ರಪಿಂಡದಿಂದ ತೆಗೆದು ಬೆಳೆಸಿದ ಜೀವಕೋಶಗಳು. ಸೀರಂ ಎಂಬ ಪೋಷಕ ದ್ರವ ಹಾಕಿದಷ್ಟು ದಿನ ಅವು ಒಂದೇ ಸಮನೆ ಇಬ್ಭಾಗವಾಗುತ್ತ ಇರುತ್ತವೆ. ಸೀರಂ ನಿಲ್ಲಿಸಿದರೆ ತಣ್ಣಗಾಗುತ್ತವೆ. ಆಗ ಒಂದೊಂದು ಕೋಶದ ತಲೆಯ ಮೇಲೂ ಒಂದೇ ಒಂದು ಸೂಕ್ಷ್ಮವಾದ ಕೂದಲು ಏಳುತ್ತದೆ. ಸಿಲಿಯಂ ಎಂದು ಅದರ ಹೆಸರು. ಅವಳು ಕರುಣೆಯಿಂದ ಹಾಕಿದ ಊಟಕ್ಕೆ ಆ ಕೂದಲುಗಳೆಲ್ಲ ಒಳಗೆ ಹೋಗಿದ್ದವು. ಅವನ ವಾರದ ಕೆಲಸವೂ ಹೋಗಿತ್ತು.

ಪ್ರಾಯಶ್ಚಿತ್ತಕ್ಕೆಂದು ಅವಳು ಭಾನುವಾರವೂ ಬಂದಳು. ಇಬ್ಬರೂ ಸೇರಿ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದರು. ವಾರ ಕಳೆದ ಮೇಲೆ, ಕೋಶಗಳಿಗೆ ಬಣ್ಣ ಹಾಕಿ, ದೀಪ ಆರಿಸಿ, ಅವನು ಅವಳನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದ.

ಕತ್ತಲೆಯಲ್ಲಿ ಹಸಿರು ಎಳೆಗಳು. ಕೋಶಕ್ಕೊಂದು.

“ಭಾಳ ವರ್ಷ ಇದನ್ನ ಏನಕ್ಕೂ ಬಾರದ್ದು ಅಂತ ಬಿಟ್ಟಿದ್ರು,” ಎಂದ ಅವನು. “ಮೂತ್ರ ಹರಿದ್ರ ಇದು ಬಾಗ್ತದ. ಬಾಗಿದ್ರ ಒಳಗ ಸುದ್ದಿ ಹೋಗ್ತದ, ಬಾಜೂ ಕೋಶಕ್ಕೂ ಮುಟ್ತದ. ಇದು ಕೆಟ್ರ ಹೊರಗ ಏನ್ ನಡದದ ಅಂತ ಕೋಶಕ್ಕ ಗೊತ್ತಾಗಂಗಿಲ್ಲ. ಸುಮ್ನ ಬೆಳಕೋತ ಹೋಗ್ತದ. ಮೂತ್ರಪಿಂಡದ ತುಂಬ ನೀರ್ಗುಳ್ಳಿ ಆಗ್ತಾವ.”

“ಯಾರಿಗೆ ಹಂಗಾಗತ್ತೆ?”

“ಮಂದಿಗೆ,” ಎಂದು ಅವನು ದೀಪ ಹಾಕಿದ.

ಆಮೇಲಿನ ತಿಂಗಳುಗಳಲ್ಲಿ ಅವರಿಬ್ಬರೂ ಚಂದ್ರಾ ಲೇಔಟಿನ ದರ್ಶಿನಿಯೊಂದರಲ್ಲಿ ನಿಂತು ಕಾಫಿ ಕುಡಿಯುವುದು ರೂಢಿಯಾಯಿತು. ಅವಳು ಅವನ ಮಾತಿನ ಧಾಟಿಯನ್ನು ಅಣಕಿಸುತ್ತಿದ್ದಳು. ತಾತನ ರಾಗಿ ಹೊಲ ಲೇಔಟಾದ ಮೇಲೆ ಅಪ್ಪ ಮುನಿವೆಂಕಟಪ್ಪ ಕಟ್ಟಿಸಿದ ಬಾಡಿಗೆ ರೂಮುಗಳ ಕಥೆ ಹೇಳುತ್ತಿದ್ದಳು. ಅವನು ಕೇಳುತ್ತಿದ್ದ. ಇಷ್ಟು ಗಮನವಿಟ್ಟು ಅವಳ ಮಾತನ್ನು ಯಾರೂ ಕೇಳಿರಲಿಲ್ಲ. ತನ್ನ ಬಗ್ಗೆ ಮಾತ್ರ ಅವನು ಬಾಯಿ ಬಿಡುತ್ತಿರಲಿಲ್ಲ. ಆ ಮೌನವನ್ನೇ ಅವಳು ಪ್ರೀತಿಸತೊಡಗಿದ್ದಳು, ಅದರೊಳಗೆ ಏನಿದೆ ಎಂದು ತಿಳಿಯದೆ.

ಅಷ್ಟರಲ್ಲಿ ಮನೆಯಲ್ಲಿ ಸಂಬಂಧ ಬಂತು. ಹುಡುಗ ಗೌತಮ್, ವಿಜಯನಗರದಲ್ಲಿ ಟೈಲ್ಸ್ ಅಂಗಡಿ. ಅವನಲ್ಲಿ ದೂರಲು ಏನೂ ಇರಲಿಲ್ಲ. ತಿಂಗಳ ಕೊನೆಗೆ ಉತ್ತರ ಹೇಳುತ್ತೇವೆಂದು ಅಪ್ಪ ಮಾತು ಕೊಟ್ಟಿದ್ದರು.

ಕುಸುಮಾ ದರ್ಶಿನಿಯಲ್ಲೇ ಕೇಳಿಬಿಟ್ಟಳು.

“ನಾನು ಅವರಿಗೆ ಏನು ಹೇಳಲಿ ರುದ್ರೇಶ್?”

ಅವನು ಕಾಫಿ ಲೋಟವನ್ನು ಕಲ್ಲಿನ ಮೇಜಿನ ಮೇಲೆ ಇಟ್ಟ.

“ಹೂಂ ಅನ್ರಿ. ನೀವು ಗೌಡ್ರು, ನಾವು ಲಿಂಗಾಯತ್ರು. ನಮ್ಮ ಅವ್ವ ಒಪ್ಪಂಗಿಲ್ಲ.”

ಕೆನ್ನೆಗೆ ಹೊಡೆದಂತಾಯಿತು. ಜಾತಿಯಾ? ಇಷ್ಟು ಓದಿ, ಕೊನೆಗೆ ಜಾತಿಯಾ? ಅವಳು ಅವನಿಗೆ ಹೇಡಿ ಅಂದಳು. ಅವನು ಅದನ್ನೂ ಕೇಳಿಸಿಕೊಂಡ. ಅಂದಿನಿಂದ ಒಂದೇ ಕೋಣೆಯಲ್ಲಿದ್ದೂ ಅವರ ನಡುವೆ ಮಾತು ಕೆಲಸಕ್ಕೆ ಬೇಕಾದಷ್ಟೇ ಆಯಿತು.

ಒಂದು ಮಧ್ಯಾಹ್ನ, ಅವನು ಗೈಡ್ ಜೊತೆ ಮೀಟಿಂಗಿನಲ್ಲಿದ್ದಾಗ, ಇಳಕಲ್ ಸೀರೆಯ ಹೆಂಗಸೊಬ್ಬರು ಅವನನ್ನು ಕೇಳಿಕೊಂಡು ಬಾಗಿಲಲ್ಲಿ ಬಂದು ನಿಂತರು. ರುದ್ರೇಶನ ತಾಯಿ ಹಾಲವ್ವ. ಕುಸುಮಾ ಕುರ್ಚಿ ಕೊಟ್ಟು ನೀರು ತಂದಳು. ಆಕೆ ಒಂದೇ ಗುಟುಕು ಕುಡಿದು ಲೋಟ ಕೆಳಗಿಟ್ಟರು. ಅಳತೆ ಮೀರಿ ಕುಡಿಯುವ ಹಾಗಿಲ್ಲವಂತೆ. ಎಡಗೈಯ ರಕ್ತನಾಳ ಹಗ್ಗದಂತೆ ಉಬ್ಬಿತ್ತು. ಡಯಾಲಿಸಿಸ್ಸಿನ ಸೂಜಿ ಚುಚ್ಚುವ ಜಾಗ.

“ನೀನ ಏನು ಕುಸುಮಾ? ಮನ್ಯಾಗ ಮಾತ ಆಡಂಗಿಲ್ಲ ಅಂವ. ಆಡಿದ್ರ ನಿನ್ನ ಸುದ್ದಿನ.”

ಕುಸುಮಾಳಿಗೆ ತಡೆಯಲಾಗಲಿಲ್ಲ. ಜಾತಿಯ ಮಾತು ಕೇಳಿಯೇಬಿಟ್ಟಳು. ಹಾಲವ್ವ ಮೊದಲು ಅರ್ಥವಾಗದೆ ನೋಡಿದರು. ಆಮೇಲೆ ಮುಖ ಇಳಿಯಿತು.

“ನನ್ನ ಹೆಸರಿಲೆ ಸುಳ್ಳು ಹೇಳ್ಯಾನ ತಂಗಿ. ನಮ್ಮಪ್ಪಗ ಈ ಕಿಡ್ನಿ ಬ್ಯಾನಿ ಇತ್ತು, ನನಗ ಬಂತು. ಮಕ್ಕಳೊಳಗ ಅರ್ಧಾ ಮಂದಿಗೆ ಬರ್ತೈತಂತ. ಸ್ಕ್ಯಾನ್ ಮಾಡಿಸ್ಕೊ ಅಂದ್ರ ಕಿವಿಗೇ ಹಾಕ್ಕೊಳ್ಳಂಗಿಲ್ಲ.”

ಮಂದಿಗೆ, ಎಂದಿದ್ದ ಅವನು. ದಿನವಿಡೀ ಡಿಶ್‌ಗಳಲ್ಲಿ ಆ ಕೂದಲನ್ನೇ ಹುಡುಕುತ್ತಿದ್ದವನು ತನ್ನ ಹೊಟ್ಟೆಯೊಳಗೆ ಒಮ್ಮೆಯೂ ನೋಡಿಸಿಕೊಂಡಿರಲಿಲ್ಲ.

ಸಂಜೆ ಅವಳು ಅವನನ್ನು ಕಾರಿಡಾರಿನಲ್ಲಿ ತಡೆದಳು.

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರ ನೀವು ಬಿಟ್ಟು ಹೋಗ್ತಿರ್ಲಿಲ್ಲ. ಅವ್ವನ ಕೈ ನೋಡೀರಿ. ಅದನ್ನ ನಿಮಗ ಕಟ್ಟಿ ಏನ್ ಮಾಡ್ಲಿ?”

“ನಿಮಗೆ ಇದೆ ಅಂತ ಯಾರು ಹೇಳಿದ್ದು?”

ಅವನು ಗೋಡೆ ನೋಡಿದ. “ಇಲ್ಲ ಅಂತ ಯಾರೂ ಹೇಳಿಲ್ಲಲ್ರಿ.”

ಸ್ಕ್ಯಾನ್ ಮಾಡಿಸಲೇಬೇಕೆಂದು ಅವಳು ಎಷ್ಟೋ ಹೊತ್ತು ಹಟ ಹಿಡಿದ ಮೇಲೆ ಅವನು ಒಪ್ಪಿದ. ಒಂದೇ ಷರತ್ತು ಹಾಕಿದ: ಫಲಿತಾಂಶ ಕೆಟ್ಟದಾಗಿದ್ದರೆ ಅವಳು ಗೌತಮನಿಗೆ ಹೂಂ ಅನ್ನಬೇಕು. ಅವಳು ಆಯಿತೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ.

ರಾಜಾಜಿನಗರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಶನಿವಾರ ಬೆಳಿಗ್ಗೆ ಜನ ಹೆಚ್ಚಿರಲಿಲ್ಲ. ಅವಳು ಹೊರಗಿನ ಬೆಂಚಿನ ಮೇಲೆ ಕಾದಳು. ಇಲ್ಲ ಅನ್ನಲಿ... ಇದೊಂದು ಸಲ ಇಲ್ಲ ಅನ್ನಲಿ... ಬಾಗಿಲು ತೆರೆಯಿತು. ಅವನು ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಬಂದು ಪಕ್ಕದಲ್ಲಿ ಕುಳಿತ. ಡಾಕ್ಟರು ವಿವರಿಸುವ ಮೊದಲೇ ಪರದೆಯ ಮೇಲಿನ ಕಪ್ಪು ಗುಳ್ಳೆಗಳನ್ನು ಅವನು ಗುರುತು ಹಿಡಿದಿದ್ದ.

“ಎರಡೂ ಕಡೆ ಅದಾವ್ರಿ,” ಎಂದ.

ಅವಳು ಅಳಲಿಲ್ಲ. ಅವನ ಬೆರಳುಗಳು ಕೊನೆಯ ಗುಂಡಿಯನ್ನು ಹುಡುಕಿ ಹುಡುಕಿ ತಪ್ಪುತ್ತಿದ್ದವು. ಅವಳೇ ಅದನ್ನು ಹಾಕಿದಳು.

“ಈಗ ಮನಿಗೆ ಹೋಗಿ ಹೂಂ ಅನ್ರಿ ಕುಸುಮಾ. ಮಾತಾಗಿತ್ತಲ್ಲ.”

“ನಾನು ಮಾತು ಕೊಟ್ಟಿರ್ಲಿಲ್ಲ. ಬೆಳಿಗ್ಗೆ ಹೊರಡೋಕೆ ಮುಂಚೆನೇ ಅಪ್ಪಂಗೆ ಹೇಳ್ಬಿಟ್ಟೆ, ಬೇಡ ಅಂತ.”

“ಸ್ಕ್ಯಾನಿಗೂ ಮೊದ್ಲ?”

“ಮೊದ್ಲೇ.”

ಅಪ್ಪ ತಟ್ಟೆ ಎಸೆದದ್ದನ್ನು, ಅಮ್ಮ ದೇವರ ಮನೆಯಿಂದ ಹೊರಗೆ ಬಾರದೇ ಇದ್ದದ್ದನ್ನು ಅವಳು ಹೇಳಲಿಲ್ಲ. ಇಂದು ರಾತ್ರಿ ಆ ಮನೆಗೇ ಹಿಂತಿರುಗಬೇಕಿತ್ತು. ಅವನ ಮುಂದೆ ಎಷ್ಟು ವರ್ಷಗಳಿದ್ದವೋ ಡಾಕ್ಟರೂ ಹೇಳಿರಲಿಲ್ಲ.

“ಮುಂದ ಭಾಳ ಕಷ್ಟ ಐತ್ರಿ,” ಎಂದ ಅವನು.

“ಗೊತ್ತು ಕಣೋ.”

ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ತಲೆ ತಗ್ಗಿಸಿ ಕುಳಿತ. ಒಳಗೆ ಯಾರದೋ ಹೆಸರು ಕೂಗಿದರು.

ಗೌತಮನನ್ನು ಅವಳು ಬೇಡ ಅನ್ನಲಿ ಎಂದು ತಾನು ಅಷ್ಟೂ ದಿನ ದೇವರಲ್ಲಿ ಬೇಡಿಕೊಂಡಿದ್ದೆನೆಂದು ರುದ್ರೇಶ ಅವಳಿಗೆ ಎಂದೂ ಹೇಳಲಿಲ್ಲ.