ಹನ್ನೊಂದನೇ ಪ್ರಶ್ನೆ

ತಾರೀಖು ಹತ್ತು, ಬುಧವಾರ. ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಹೆಂಗಸು ದೂರು ಬರೆದುಕೊಂಡು ಬಂದಿರಲಿಲ್ಲ. ಕೈಯಲ್ಲಿ ವಿದ್ಯುತ್ ಕಂಪನಿಯ ಒಂದು ಹಾಳೆಯ ಪತ್ರವಿತ್ತು. ಜೊತೆಗಿದ್ದ ತಮ್ಮ ಅವಳನ್ನು ಬೆಂಚಿನ ಮೇಲೆ ಕೂರಿಸಿ ತಾನು ಗೋಡೆಗೊರಗಿ ನಿಂತ.

ಆಕೆಯ ಗಂಡ ಲೈನ್‌ಮನ್. ಐವತ್ನಾಲ್ಕು ವರ್ಷ. ಸೋಮವಾರ ಮಧ್ಯಾಹ್ನ 2.52ಕ್ಕೆ ನಲವತ್ಮೂರನೇ ನಂಬರಿನ ಕಂಬದ ಮೇಲೆ ವಿದ್ಯುತ್ ತಗುಲಿ ಸತ್ತಿದ್ದ. ಅಂದು ಸಂಜೆಯೇ ಅಸ್ವಾಭಾವಿಕ ಮರಣವೆಂದು ಪ್ರಕರಣ ದಾಖಲಾಗಿತ್ತು. ಸ್ಥಳ ಪಂಚನಾಮೆ ಬರೆದವನು ಠಾಣೆಯ ದಫೇದಾರ.

“ಏನಮ್ಮಾ ಇದು?” ಇನ್‌ಸ್ಪೆಕ್ಟರ್ ಕೇಳಿದರು.

“ಓದಿ ಸಾರ್. ಅವರ ಸಾವಿಗೆ ಅವರೇ ಕಾರಣ ಅಂತ ಬರ್ದಿದಾರೆ.”

ಪತ್ರದಲ್ಲಿ ಹಾಗೆಯೇ ಇತ್ತು. ಕೆಲಸ ಮುಗಿದು ಎಲ್ಲರೂ ಕೆಳಗಿಳಿದಿದ್ದಾರೆಂದು ಮೃತರೇ ತಮ್ಮ ಮೊಬೈಲಿನಿಂದ 2.48ಕ್ಕೆ ಫಾರಂ ಸಲ್ಲಿಸಿರುತ್ತಾರೆ. ಅದರ ಆಧಾರದ ಮೇಲೆ ಲೈನಿಗೆ ವಿದ್ಯುತ್ ಹರಿಸಲಾಗಿದೆ. ಮೃತರ ಸುಳ್ಳು ಮಾಹಿತಿಯೇ ಘಟನೆಗೆ ಕಾರಣ.

“ಇಪ್ಪತ್ತಾರು ವರ್ಷ ಕಂಬ ಹತ್ತಿದೋರು. ಸುಳ್ಳು ಬರೆದು ಸಾಯೋ ಮನುಷ್ಯ ಅಲ್ಲ ಅವರು. ಯಾರು ಬರೆದ್ರೋ ಅವರನ್ನ ಹಿಡೀರಿ. ನಂಗೆ ಬೇರೇನೂ ಬೇಡ.”

“ಯಾರ ಮೇಲಾದ್ರೂ ಅನುಮಾನ?”

“ಕರೆಂಟ್ ಬಿಟ್ಟೋನ ಮೇಲೆ.”

“ನಡಿ ಅಕ್ಕಾ,” ತಮ್ಮ ಹೇಳಿದ. “ದೂರು ಕೊಟ್ರೆ ಭಾವ ಎದ್ದು ಬರ್ತಾರಾ?”

“ನೀನು ಸುಮ್ನಿರು.”

ದಫೇದಾರ ದೂರು ಬರೆದುಕೊಂಡ. 11.05ಕ್ಕೆ ಎಫ್‌ಐಆರ್ ದಾಖಲಾಯಿತು: ನಿರ್ಲಕ್ಷ್ಯದಿಂದ ಸಾವು. ಆರೋಪಿಯ ಹೆಸರಿನ ಜಾಗದಲ್ಲಿ ‘ತಿಳಿದುಬಂದಿಲ್ಲ’.

ಅಕ್ಕ ತಮ್ಮ ಹೋದಮೇಲೆ ಇನ್‌ಸ್ಪೆಕ್ಟರ್ ಸೋಮವಾರದ ಪಂಚನಾಮೆ ತೆಗೆದು ನಿಧಾನವಾಗಿ ಓದಿದರು.

“ಮೃತನ ಮೊಬೈಲ್ ಎಲ್ಲಿತ್ತು?”

“ವ್ಯಾನಿನ ಡ್ಯಾಶ್‌ಬೋರ್ಡ್ ಮೇಲೆ ಸಾರ್. ನಾನೇ ಸೀಲ್ ಮಾಡಿದ್ದು. ಕಂಬದಿಂದ ಇಪ್ಪತ್ತೆರಡು ಹೆಜ್ಜೆ.”

“ಕಂಬದ ಮೇಲಿದ್ದೋನು ವ್ಯಾನಿನಲ್ಲಿರೋ ಮೊಬೈಲ್ ಹೇಗೆ ಒತ್ತಿದ?”

“ಕೈ ಉದ್ದ ಇತ್ತೇನೋ,” ಎಂದ ದಫೇದಾರ. ಇನ್‌ಸ್ಪೆಕ್ಟರ್ ನಗಲಿಲ್ಲವಾದ್ದರಿಂದ ಕೆಮ್ಮಿ, “ಜೊತೆಗೆ ಕೆಲಸಕ್ಕಿದ್ದೋನು ಈ ಭಾಮೈದ ಒಬ್ಬನೇ ಸಾರ್. ರಸ್ತೆ ತಿರುವಿನಲ್ಲಿ ಗಾಡಿ ತಡೀತಿದ್ದೆ, ವ್ಯಾನ್ ಬಾಗಿಲು ತೆಗೆದೇ ಇತ್ತು ಅಂತ ಹೇಳಿಕೆ ಕೊಟ್ಟಿದಾನೆ,” ಎಂದ.

ಪಂಚನಾಮೆಯ ಪಟ್ಟಿಯಲ್ಲಿ ಇನ್ನೂ ಎರಡು ವಸ್ತುಗಳು ಇನ್‌ಸ್ಪೆಕ್ಟರ್ ಕಣ್ಣಿಗೆ ಬಿದ್ದವು. ಮೃತನ ಚೀಲದೊಳಗೆ ಓದುವ ಕನ್ನಡಕ ಒಂದು. ವ್ಯಾನಿನ ಹಿಂಭಾಗದಲ್ಲಿ ಅರ್ಥಿಂಗ್ ರಾಡ್ ಎರಡು, ಕಟ್ಟಿದ ಹಗ್ಗ ಬಿಚ್ಚಿಲ್ಲ. ಆ ರಾಡುಗಳನ್ನು ತಂತಿಗೆ ಸಿಕ್ಕಿಸಿ ನೆಲಕ್ಕೆ ಜೋಡಿಸಿದ್ದರೆ, ತಪ್ಪಿ ವಿದ್ಯುತ್ ಬಂದರೂ ಅದು ಮನುಷ್ಯನನ್ನು ಬಿಟ್ಟು ನೆಲಕ್ಕೆ ಹೋಗುತ್ತದೆ. ಸಿಕ್ಕಿಸುವುದಕ್ಕೆ ಹತ್ತು ನಿಮಿಷ ಬೇಕು.

12.40. ಕಂಪನಿಯ ನಿಯಂತ್ರಣ ಕೊಠಡಿ. ಕಿಟಕಿಗಳಿಗೆ ಕಪ್ಪು ಹಾಳೆ ಅಂಟಿಸಿದ್ದರು. ಗೋಡೆಯಷ್ಟಗಲದ ಪರದೆಯ ಮೇಲೆ ಊರಿನ ನಕ್ಷೆ, ನಕ್ಷೆಯ ಮೇಲೆ ಹಸಿರು ಚುಕ್ಕಿಗಳು. ಒಂದೊಂದು ಚುಕ್ಕಿಯೂ ಇಬ್ಬರು ಮನುಷ್ಯರು. ಕೆಲಸ ಹಂಚುವ ಹುಡುಗಿ ಕಿವಿಯ ಹೆಡ್‌ಫೋನ್ ತೆಗೆದಿಟ್ಟು ವಿವರಿಸಿದಳು.

“ಇಲ್ಲಿಂದ ಕೆಲಸ ಕಳಿಸ್ತೀವಿ ಸಾರ್. ಅವರ ಮೊಬೈಲಲ್ಲಿ ಫಾರಂ ತೆರೆಯುತ್ತೆ. ಹದಿನಾಲ್ಕು ಪ್ರಶ್ನೆ, ಎರಡು ಫೋಟೊ, ನಲವತ್ತು ನಿಮಿಷ. ಒಂದು ಮುಗಿದ ತಕ್ಷಣ ಇನ್ನೊಂದು.”

“ನಲವತ್ತು ದಾಟಿದ್ರೆ?”

“ಚುಕ್ಕಿ ಕೆಂಪಾಗುತ್ತೆ. ತಿಂಗಳಲ್ಲಿ ಮೂರು ಕೆಂಪಾದ್ರೆ ಕಂಬದಿಂದ ತೆಗೆದು ಗೋದಾಮಿಗೆ ಹಾಕ್ತಾರೆ.”

“ಕೆಲಸಾನೇ ದೊಡ್ಡದಿದ್ರೆ?”

“ಫಾರಮ್ಮಿಗೆ ಅದೆಲ್ಲ ಗೊತ್ತಾಗಲ್ಲ ಸಾರ್.”

“ಈ ಭಾವ ಭಾಮೈದರ ಜೋಡಿ ಹೇಗೆ?”

“ಹತ್ತು ತಿಂಗಳಿಂದ ಒಂದೂ ಕೆಂಪಿಲ್ಲ. ಅವರನ್ನ ನೋಡಿ ಕಲೀರಿ ಅಂತ ಉಳಿದೋರಿಗೆ ದಿನಾ ಬೈತಿದ್ವಿ.”

ಹತ್ತು ತಿಂಗಳ ಫಾರಮ್ಮುಗಳ ಪಟ್ಟಿ ಮುದ್ರಿಸಿ ಕೊಟ್ಟಳು. ದಫೇದಾರ ಮಗ್ಗಿ ಒಪ್ಪಿಸುವವನ ಹಾಗೆ ಓದಿದ. “ಮೂವತ್ತೆಂಟು ನಿಮಿಷ. ಮೂವತ್ತೊಂಬತ್ತು. ಮೂವತ್ತೆಂಟು. ಬೀದಿ ದೀಪಕ್ಕೂ ಮೂವತ್ತೆಂಟು, ತಂತಿ ಹರಿದಿದ್ದಕ್ಕೂ ಮೂವತ್ತೆಂಟು. ನಮ್ಮ ಠಾಣೆಗೂ ಇಂಥದ್ದು ಬಂದ್ರೆ ಕಳ್ಳ ಮನೆ ಬಿಡೋ ಮುಂಚೆನೇ ‘ಸಿಕ್ಕಿದ’ ಅಂತ ಒತ್ಬೇಕಾಗುತ್ತೆ ಸಾರ್.”

ಸೋಮವಾರದ ಫಾರಂ 2.10ಕ್ಕೆ ತೆರೆದಿತ್ತು. ಏಳನೇ ಪ್ರಶ್ನೆ: ಅರ್ಥಿಂಗ್ ರಾಡ್ ಅಳವಡಿಸಲಾಗಿದೆಯೇ? ಹೌದು. ಹನ್ನೊಂದನೇ ಪ್ರಶ್ನೆ: ಎಲ್ಲರೂ ಕಂಬದಿಂದ ಕೆಳಗಿಳಿದಿದ್ದಾರೆಯೇ? ಹೌದು. ಸಲ್ಲಿಸಿದ ಸಮಯ 2.48. ‘ಕೆಲಸ ಮುಗಿದ ನಂತರ’ ಎಂಬ ಫೋಟೊದಲ್ಲಿ ಖಾಲಿ ಕಂಬವೊಂದು ಆಕಾಶಕ್ಕೆ ಎದ್ದು ನಿಂತಿತ್ತು. ಇನ್‌ಸ್ಪೆಕ್ಟರ್ ಕಂಬದ ಬುಡಕ್ಕೆ ಬೆರಳಿಟ್ಟರು.

“ಇಲ್ಲಿ ಹದಿನೇಳು ಅಂತ ಬಣ್ಣದಲ್ಲಿ ಬರೆದಿದೆ. ಆತ ಸತ್ತಿದ್ದು ನಲವತ್ಮೂರರ ಮೇಲೆ.”

ಹುಡುಗಿ ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು. “ಫೋಟೊ ಯಾರೂ ನೋಡಲ್ಲ ಸಾರ್. ಇದೆಯಾ ಇಲ್ವಾ, ಅಷ್ಟೇ.”

ಅವಳ ಹಿಂದೆ ಪರದೆಯಲ್ಲಿ ಒಂದು ಚುಕ್ಕಿ ಕೆಂಪಾಯಿತು. ಅವಳು ಹೆಡ್‌ಫೋನ್ ಮತ್ತೆ ಹಾಕಿಕೊಂಡಳು.

3.15. ಸಬ್‌ಸ್ಟೇಷನ್. ಆಪರೇಟರ್ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಮುಖ ನೋಡಿದರೇ ಗೊತ್ತಾಗುತ್ತಿತ್ತು.

“ಫಾರಂ ಹಸಿರು ಬಂತು, ಕರೆಂಟ್ ಬಿಟ್ಟೆ ಸಾರ್.”

“ಫೋನ್ ಮಾಡಿ ಕೇಳ್ಬಹುದಿತ್ತಲ್ಲ?”

“ಯಾವಾಗ್ಲೂ ಕೇಳ್ತಿದ್ದೆ. ‘ಇಳಿದ್ರಾ?’ ಅಂದ್ರೆ ‘ಇನ್ನೊಂದು ಕಾಲು ಗಂಟೆ ತಡಿಯಪ್ಪಾ’ ಅನ್ನೋರು. ತಡೀತಿದ್ದೆ.”

“ಫಾರಂ ಬಂದಮೇಲೂ?”

“ಫಾರಂ ಮೇಲಿನೋರಿಗೆ ಸಾರ್. ನಮ್ಮ ನಮ್ಮಲ್ಲಿ ಫೋನೇ ಲೆಕ್ಕ.”

“ಫೋನ್ ಎತ್ತುತಿದ್ದೋರು ಯಾರು?”

“ಮೊಬೈಲು ಯಜಮಾನ್ರದ್ದು. ಮಾತಾಡ್ತಿದ್ದೋನು ಭಾಮೈದ. ಯಜಮಾನ್ರು ಮೇಲಿರ್ತಿದ್ರಲ್ಲ.”

“ಸೋಮವಾರ ಯಾಕೆ ಮಾಡ್ಲಿಲ್ಲ?”

ಆಪರೇಟರ್ ಮೇಜಿನ ಖಾನೆಯಿಂದ ಒಂದು ಮೆಮೊ ತೆಗೆದುಕೊಟ್ಟ. ಫಾರಂ ಬಂದ ನಂತರವೂ ಫೋನ್ ಮಾಡಿ ವಿದ್ಯುತ್ ಹರಿಸಲು ತಡಮಾಡಿದ್ದಕ್ಕೆ ಕಾರಣ ಕೇಳಿದ ಮೆಮೊ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಕೈಗೆ ಬಂದಿತ್ತು.

“ಇನ್ನುಮುಂದೆ ಫೋನ್ ಮಾಡಲ್ಲ ಅಂತ ಅವರಿಗೆ ತಿಳಿಸಿದ್ಯಾ?”

“ಸಂಜೆ ಸಿಗ್ತಾರಲ್ಲ, ಆಗ ಹೇಳೋಣ ಅಂದ್ಕೊಂಡೆ ಸಾರ್.”

4.50. ಮೃತನ ಮನೆ. ಎರಡು ಕೋಣೆ. ಮೊಳೆಗೆ ನೇತುಹಾಕಿದ ಸಮವಸ್ತ್ರದ ಅಂಗಿಯ ಮೊಣಕೈಗಳು ಇನ್ನೂ ಮಡಚಿದ ಆಕಾರದಲ್ಲೇ ಇದ್ದವು. ಇನ್‌ಸ್ಪೆಕ್ಟರ್ ಕನ್ನಡಕವಿದ್ದ ಪೊಟ್ಟಣವನ್ನು ಹೆಂಗಸಿನ ಮುಂದಿಟ್ಟರು.

“ಇದು ಅವರದ್ದೇನಮ್ಮಾ?”

“ಹೂಂ. ಇದಿಲ್ದೇ ಇದ್ರೆ ಓದೋಕೆ ಒಂದಕ್ಷರ ಕಾಣ್ತಿರ್ಲಿಲ್ಲ.”

“ಇದು ಚೀಲದಲ್ಲೇ ಇತ್ತು. ಹಾಗಾದ್ರೆ ಫಾರಂ ಹೇಗೆ ತುಂಬ್ತಿದ್ರು?”

“ಅಯ್ಯೋ, ಅವರು ಅದನ್ನ ಮುಟ್ತಾನೇ ಇರ್ಲಿಲ್ಲ. ಅಕ್ಷರ ಅಲ್ಲ, ಇರುವೆ ಸಾಲು ಅನ್ನೋರು. ಎಲ್ಲಾ ತಮ್ಮನೇ—”

ಅವಳು ನಿಲ್ಲಿಸಿದಳು. ತಮ್ಮ ಅಡುಗೆಮನೆಯ ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ. ಬೀದಿಯಲ್ಲಿ ಯಾರೋ ಸ್ಕೂಟರನ್ನು ಒದ್ದು ಒದ್ದು ಶುರು ಮಾಡುತ್ತಿದ್ದರು.

“ತಿರುವಿನಲ್ಲಿದ್ದೆ ಅಂದ್ಯಲ್ಲೋ,” ಅಂದಳು.

“ವ್ಯಾನ್ ಹತ್ರ ಇದ್ದೆ ಅಕ್ಕಾ.”

ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಅತ್ತಿತ್ತ ನೋಡಿದ. ದಫೇದಾರ ಅದನ್ನು ತೆಗೆದುಕೊಂಡು ನೆಲದ ಮೇಲಿಟ್ಟ.

5.40ಕ್ಕೆ ಠಾಣೆಯಲ್ಲಿ ಹೇಳಿಕೆ ಶುರುವಾಯಿತು. ಇನ್‌ಸ್ಪೆಕ್ಟರ್ ತಾವೇ ಬರೆದುಕೊಂಡರು.

“ಎಷ್ಟು ದಿನದಿಂದ ನಡೀತಿತ್ತು?”

“ಹತ್ತು ತಿಂಗಳು. ನಲವತ್ತು ನಿಮಿಷ ಅನ್ನೋದು ನನ್ನ ವಯಸ್ಸಿನೋರ ಕೈಗೆ ಸಾರ್. ಭಾವನಿಗೆ ಐವತ್ತು ಬೇಕು. ಅದಕ್ಕೂ ಹಿಂದಿನ ತಿಂಗಳು, ಫಾರಂ ಹೊಸದಾಗಿ ಬಂದಾಗ, ಎರಡು ಕೆಂಪು ಬಿದ್ದಿತ್ತು. ಗೋದಾಮಿನಲ್ಲಿ ಕೂರಿಸಿದ್ರೆ ಆ ಮನುಷ್ಯ ಬದುಕ್ತಿರ್ಲಿಲ್ಲ. ಅದಕ್ಕೆ ಮೊದಲೇ ಒತ್ತಿ, ಸಬ್‌ಸ್ಟೇಷನ್ ಫೋನಿಗೆ ಕಾಯ್ತಿದ್ದೆ. ಅವರು ನಿಧಾನಕ್ಕೆ ಮಾಡ್ಲಿ ಅಂತಾನೇ ಒತ್ತುತಿದ್ದೆ ಸಾರ್.”

“ರಾಡು?”

“ಅದಕ್ಕೆ ಹತ್ತು ನಿಮಿಷ ಹೋಗುತ್ತೆ. ಬಿಟ್ಟುಬಿಟ್ಟಿದ್ವಿ.”

“ಸೋಮವಾರ?”

“ಒತ್ತಿದೆ. ಫೋನ್ ಬರುತ್ತೆ ಅಂತ ಕೈಯಲ್ಲೇ ಹಿಡ್ಕೊಂಡಿದ್ದೆ. ನಾಲ್ಕು ನಿಮಿಷ. ಆಮೇಲೆ ಸದ್ದು ಬಂತು. ಮೊಬೈಲನ್ನ ವ್ಯಾನಲ್ಲಿ ಎಸೆದು ಓಡಿದೆ.”

“ಎರಡು ದಿನ ಯಾಕೆ ಬಾಯಿ ಬಿಡ್ಲಿಲ್ಲ? ಸತ್ತೋನ ತಲೆಗೆ ಕಟ್ಟಿದ್ರಲ್ಲ, ನೋಡ್ಕೊಂಡು ನಿಂತ್ಯಾ?”

ಅವನು ಬಾಗಿಲ ಕಡೆ ನೋಡಿದ. ಹೊರಗೆ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ದನಿ ತಗ್ಗಿಸಿದ.

“ಅವರೇ ಮೇಲಿಂದ ಕೂಗಿದ್ರು ಸಾರ್. ‘ಟೈಮಾಯ್ತು, ಒತ್ತೋ’ ಅಂತ. ದಿನಾ ಅವರೇ ಕೂಗೋದು. ಅವತ್ತೂ ಕೂಗಿದ್ರು. ನಾನು ಬಾಯಿ ಬಿಟ್ರೆ ಅದೂ ಹೊರಗೆ ಬರುತ್ತಲ್ಲ. ಅದೊಂದು ಬರೀಬೇಡಿ.”

“ಬರೆದ್ರೆ ನಿನಗೆ ಶಿಕ್ಷೆ ಕಮ್ಮಿಯಾಗಬಹುದು.”

“ಕಮ್ಮಿ ಮಾಡ್ಕೊಂಡು ಏನ್ಮಾಡ್ಲಿ ಸಾರ್? ಅವಳು ಆ ಕಾಗದ ಹಿಡ್ಕೊಂಡು ನಿನ್ನೆಯಿಂದ ಊಟ ಬಿಟ್ಟಿದಾಳೆ. ‘ಸುಳ್ಳು ಬರೆಯೋರಲ್ಲ, ಸುಳ್ಳು ಬರೆಯೋರಲ್ಲ’ ಅಂತಾನೇ ಇದಾಳೆ.”

6.30ಕ್ಕೆ ದಸ್ತಗಿರಿ. ಬಂಧನದ ಕಾಗದಕ್ಕೆ ಆರೋಪಿಯ ಸಂಬಂಧಿಕರೊಬ್ಬರ ಸಹಿ ಬೇಕು, ಅವರಿಗೆ ವಿಷಯ ತಿಳಿಸಲಾಗಿದೆ ಎಂಬುದಕ್ಕೆ. ಅವನಿಗೆ ಬೇರೆ ಯಾರೂ ಇರಲಿಲ್ಲ. ದಫೇದಾರ ಆಕೆಯನ್ನು ಒಳಗೆ ಕರೆದ. ಬೆಳಿಗ್ಗೆ ದೂರುದಾರಳೆಂದು ಸಹಿ ಮಾಡಿದ್ದವಳು ಈಗ ಆರೋಪಿಯ ಅಕ್ಕನೆಂದು ಸಹಿ ಮಾಡಿದಳು. ಪೆನ್ನು ಕೆಳಗಿಟ್ಟು ತಮ್ಮನ ಕಡೆ ತಿರುಗಿದಳು.

“ಕೊನೆಗೆ ಅವರು ಏನಾದ್ರೂ ಅಂದ್ರೇನೋ?”

“ಏನೂ ಅನ್ಲಿಲ್ಲ ಅಕ್ಕಾ.”

ಅವಳು ತಲೆಯಾಡಿಸಿದಳು. ಆ ಮಾತು ಅವಳಿಗೆ ಸಾಕಾದ ಹಾಗಿತ್ತು. ದಫೇದಾರ ಅವಳನ್ನು ಗೇಟಿನವರೆಗೆ ಬಿಟ್ಟುಬಂದ.

ಇನ್‌ಸ್ಪೆಕ್ಟರ್ ಮುಂದೆ ಹೇಳಿಕೆಯ ಮೂರನೇ ಪುಟ ಅರ್ಧಕ್ಕೆ ನಿಂತಿತ್ತು. ದೂರುದಾರರಿಗೆ ಆರೋಪಪಟ್ಟಿಯ ಒಂದು ಪ್ರತಿ ತಲುಪಿಸಬೇಕು. ಹೇಳಿಕೆಯೂ ಅದರ ಜೊತೆಗೇ ಆಕೆಯ ಕೈಗೆ ಹೋಗುತ್ತದೆ. ಅವರು ಪೆನ್ನು ಎತ್ತಿಕೊಂಡರು. ಆಮೇಲೆ, ಆತ ಕಂಬದ ಮೇಲಿಂದ ಕೂಗಿದ ಎರಡು ಪದಗಳನ್ನು, ಭಾಮೈದ ಹೇಳಿದ ಹಾಗೆಯೇ, ಸ್ಫುಟವಾಗಿ ಬರೆದರು.