ಸೌಂಡ್ ಚೆಕ್‌ನಲ್ಲಿ ಆಡಿದ ಮಾತು

2023ರ ನವೆಂಬರ್ 18, ಶನಿವಾರ, ಸಂಜೆ 5 ಗಂಟೆ 40 ನಿಮಿಷ. ಶೋಗೆ ಮುಂಚೆ, ಖಾಲಿ ಕ್ಲಬ್ಬಿನ ವೇದಿಕೆಯಲ್ಲಿ ಡ್ರಮ್ಮರ್ ತನ್ನ ಪಕ್ಕದ ಪುಟ್ಟ ಮೈಕಿನತ್ತ ಬಾಗಿ, ಬಹಳ ದಿನಗಳಿಂದ ನುಂಗಿಕೊಂಡಿದ್ದ ಮಾತನ್ನು ಆಡಿಬಿಟ್ಟ.

ಆ ಮೈಕು ಹಾಲಿಗೆ ಕೇಳಿಸುವುದಿಲ್ಲ. ಅದರ ಮಾತು ಸೌಂಡ್ ಇಂಜಿನಿಯರ್ ಆಗಿದ್ದವಳ ಹೆಡ್‌ಫೋನಿಗೆ ಮಾತ್ರ.

“ಆ ಟೂರ್ ಕೆಲಸಕ್ಕೆ ಹೋಗ್ಬೇಡಿ ಅನ್ನಲ್ಲ. ಆದ್ರೆ ನೀವಂದ್ರೆ ನಂಗಿಷ್ಟ. ಬೇಡ ಅನ್ನೋದಾದ್ರೆ ಬಾಯಿಬಿಟ್ಟು ಹೇಳೋ ಕಷ್ಟ ಬೇಡ... ತಲೆ ಅಲ್ಲಾಡಿಸಿ, ಸಾಕು.”

ಹಾಲಿನ ಆ ತುದಿಯಲ್ಲಿ ಅವಳು ಜೋರಾಗಿ ತಲೆ ಅಲ್ಲಾಡಿಸಿದಳು.

ಅವಳಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಗಿಟಾರಿನ ಆಂಪ್ಲಿಫೈಯರ್ ಕಿವಿ ಕೊರೆಯುವಂತೆ ಕಿರುಚಿದ್ದಕ್ಕೆ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡಿದ್ದಳು. ತಲೆ ಅಲ್ಲಾಡಿಸಿದ್ದು ಮತ್ತೆ ವಾಲ್ಯೂಮಿಗೆ ಕೈಹಾಕಿದ ಗಿಟಾರಿಸ್ಟ್‌ಗೆ.

“ಅಕ್ಕಾ, ಒಂಚೂರು?”

“ಕೂದಲೆಳೆಯಷ್ಟೂ ಇಲ್ಲ. ಕೈ ತೆಗಿ.”

ನಾಟಕ ತಂಡವೊಂದು ಒಂದು ವರ್ಷದ ಪ್ರವಾಸಕ್ಕೆ ಅವಳನ್ನು ಕರೆದಿತ್ತು. ನಾಳೆಯೊಳಗೆ ಉತ್ತರ ಕೊಡಬೇಕು. ಹೋಗಲೇ ಎಂದು ಮಂಗಳವಾರವೇ ಡ್ರಮ್ಮರ್‌ನನ್ನು ಕೇಳಿದ್ದಳು. ‘ಯೋಚ್ನೆ ಮಾಡಿ ಹೇಳ್ತೀನಿ’ ಎಂದಿದ್ದ. ಅವನು ಏನಾದರೂ ಹೇಳಿದರೆ ಹೋಗಿ ಬರುವುದು. ಹೇಳದಿದ್ದರೆ ಬಾಡಿಗೆ ಕೋಣೆ ಖಾಲಿ ಮಾಡಿ ಹೋಗಿಯೇಬಿಡುವುದು. ಅಷ್ಟು ನಿರ್ಧರಿಸಿದ್ದಳು.

ಆರೂವರೆಗೆ ಮೊದಲ ತಂಡ ಗ್ರೈಂಡ್‌ಕೋರ್ ಎಂಬ ಚೀರಾಟದ ಸಂಗೀತ ಶುರುಮಾಡಿತು. ಒಂದೊಂದು ಹಾಡು ಸೀನು ಬಂದು ಹೋದಷ್ಟು ಹೊತ್ತು. ಎರಡು ಹಾಡುಗಳ ನಡುವೆ ಅವಳ ಅಮ್ಮನ ಫೋನು; ಮಾತು ಮುಗಿಯುವ ಮೊದಲೇ ಮುಂದಿನ ಹಾಡು ಶುರು.

“ಉತ್ತರ ಕೊಟ್ಯೇನೆ? ...ಅಯ್ಯೋ, ಯಾರೇ ಅದು? ಯಾರಾದ್ರೂ ಅವನಿಗೆ ಹೊಡೀತಿದಾರಾ?”

“ಹಾಡ್ತಿದಾನೆ ಕಣಮ್ಮಾ.”

“ದುಡ್ಡು ಕೊಟ್ಟು ಕೇಳ್ತಾರಾ?”

“ಹೂಂ. ಆಮೇಲೆ ಮಾಡ್ತೀನಿ.”

ನಂತರ ಅವನ ಡೆತ್ ಮೆಟಲ್ ತಂಡ. ಪ್ರತಿ ಹಾಡಿಗೂ ಮುಂಚೆ ಅವಳತ್ತ ಒಮ್ಮೆ ನೋಡುವುದು ಅವನ ರೂಢಿ. ಇಂದು ಕತ್ತು ಎತ್ತಲೇ ಇಲ್ಲ. ನೂರು ಜನ ತುಂಬಿದ್ದ ಹಾಲಿನಲ್ಲಿ ನೆಲವೇ ನಡುಗುತ್ತಿದ್ದರೂ ಅವಳಿಗೆ ಆ ತಗ್ಗಿದ ತಲೆಯೊಂದೇ ಕಾಣುತ್ತಿತ್ತು.

‘ಸರಿ... ಅದೇ ಉತ್ತರ ಇರಬೇಕು.’

ಎಂಟೂವರೆಗೆ ಹಾಲು ಖಾಲಿಯಾಯಿತು. ಅವಳು ವೇದಿಕೆಯ ಮೇಲೆ ಕೇಬಲ್ ಸುತ್ತುತ್ತಿದ್ದಳು. ಅವನು ಸ್ಟೂಲಿನ ಮೇಲೆ ಕೂತು ಡ್ರಮ್ ಕೋಲುಗಳನ್ನು ಚೀಲಕ್ಕೆ ಹಾಕುತ್ತಿದ್ದ.

“ನಾಳೆ ಒಪ್ಕೋತೀನಿ ಅಂತ ಬರೀತೀನಿ,” ಎಂದಳು. “ಕೋಣೇನೂ ಖಾಲಿ ಮಾಡ್ತೀನಿ. ಹೂಂ, ಉಹೂಂ ಏನಾದ್ರೂ ಒಂದು ಹೇಳ್ತೀರಿ ಅಂದ್ಕೊಂಡಿದ್ದೆ.”

ಅವನು ತಲೆ ಎತ್ತಿದ. “ಹೇಳಿದ್ನಲ್ಲ! ನೀವು ಬೇಡ ಅಂತ ತಲೆ ಅಲ್ಲಾಡಿಸಿದ್ರಿ.”

“ಯಾವಾಗ?”

“ಸೌಂಡ್ ಚೆಕ್‌ನಲ್ಲಿ. ಈ ಮೈಕಲ್ಲಿ.”

ಅವಳ ಕೈ ನಿಂತಿತು.

“ಹೆಡ್‌ಫೋನ್ ಕತ್ತಲ್ಲಿತ್ತು ಕಣ್ರೀ. ತಲೆ ಅಲ್ಲಾಡಿಸಿದ್ದು ನಿಮ್ಮ ಗಿಟಾರಿಸ್ಟ್ ಪುಣ್ಯಾತ್ಮನಿಗೆ.”

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. “ಇಡೀ ಶೋ ಸತ್ತವನ ಹಾಗೆ ಬಾರಿಸಿದೆ.”

“ನಿಮ್ಮ ಸಂಗೀತಕ್ಕೆ ಹೊಂದ್ತಿತ್ತು ಬಿಡಿ.” ಡ್ರಮ್ಮಿನ ಪಕ್ಕ ಬಂದು ನೆಲದ ಮೇಲೆ ಕೂತಳು. “ಇನ್ನೊಂದ್ಸಲ ಹೇಳಿ. ಮೈಕ್ ಬೇಡ.”

ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದೆಲ್ಲ ಅವನಿಗೆ ಮರೆತೇಹೋಗಿತ್ತು.

“ಹೋಗಿ ಬನ್ನಿ. ಕೋಣೆ ಮಾತ್ರ ಖಾಲಿ ಮಾಡ್ಬೇಡಿ. ರಜಾ ಸಿಕ್ಕಾಗೆಲ್ಲ ನೀವಿರೋ ಕಡೆ ನಾನೇ ಬರ್ತೀನಿ. ನೀವಂದ್ರೆ ನಂಗೆ...”

“ನಂಗೂ,” ಎಂದಳು.

“ಪೂರ್ತಿ ಕೇಳೋದಿಲ್ವಾ?”

“ಕೇಳ್ತೀನಿ, ಹೇಳಿ.”

ಪೂರ್ತಿ ಹೇಳಿದ. ಅವಳು ಅವನ ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡುತ್ತಾ ನಾಡಿ ಎಣಿಸಿದಳು. ಬಾರಿಸುವುದು ನಿಲ್ಲಿಸಿ ಅರ್ಧ ಗಂಟೆಯಾಗಿತ್ತು. ಆದರೂ ನಿಮಿಷಕ್ಕೆ 124.