ಗಾಣದ ಬೊಮ್ಮಯ್ಯನೂ ಬಾಯಿ ಬಿಡದ ಮಾಂತ್ರಿಕನೂ

ಬಹಳ ಹಿಂದೆ, ಬೆಟ್ಟಗಳ ರೆಕ್ಕೆ ಉದುರಿ ಇನ್ನೂ ಹೆಚ್ಚು ಕಾಲ ಕಳೆದಿರದ ದಿನಗಳಲ್ಲಿ, ನವಿಲುಕೋಟೆ ಎಂಬ ರಾಜ್ಯವಿತ್ತು. ಅಲ್ಲಿ ಬೊಮ್ಮಯ್ಯನೆಂಬ ಗಾಣಿಗನಿದ್ದ. ಎಣ್ಣೆ ತೆಗೆಯುವುದರಲ್ಲಿ ಅವನ ಕಡೆ ಬೆರಳು ಮಾಡಿ ತಪ್ಪು ತೋರಿಸುವಂತಿರಲಿಲ್ಲ. ಆದರೆ ಮೀಸೆ ನರೆಯುವ ವಯಸ್ಸಿನಲ್ಲಿ ಅವನಿಗೆ ಕೊಳಲು ಕಲಿಯುವ ಹುಚ್ಚು ಹಿಡಿಯಿತು. ಹುಚ್ಚು ಅಂದರೆ ಹುಚ್ಚೇ. ಎತ್ತು ಗಾಣ ಸುತ್ತುತ್ತಿದ್ದರೆ ಇವನು ಪಕ್ಕದಲ್ಲಿ ಕೂತು ಊದುತ್ತಿದ್ದ. ಎತ್ತು ನಿಂತುಬಿಡುತ್ತಿತ್ತು. ಅಕ್ಕಪಕ್ಕದವರು ಏನೋ ಕೆಲಸ ನೆನಪಾದವರಂತೆ ಎದ್ದು ಹೋಗುತ್ತಿದ್ದರು.

ಅವನ ಹೆಂಡತಿ ಹೊನ್ನಾಜಿ ಮಾತ್ರ ಎದ್ದು ಹೋಗಲಿಲ್ಲ. ಅವಳು ಹಾಡಿದರೆ ಆಕಾಶದಲ್ಲಿ ಹೋಗುವ ಗಿಳಿಗಳು ಇಳಿದು ಬಂದು ಸೂರಿನ ಮೇಲೆ ಸಾಲಾಗಿ ಕೂರುತ್ತಿದ್ದವು. ಅಂಥವಳ ಮನೆಯಲ್ಲಿ ಇಂಥ ಕೊಳಲು!

"ನಾಚಿಕೆ ಆಗುತ್ತೆ ಕಣೆ. ಈ ವಯಸ್ಸಲ್ಲಿ ಇದೆಲ್ಲ ನನಗೆ ಬೇಕಿತ್ತಾ?" ಎಂದು ಬೊಮ್ಮಯ್ಯ ಕೇಳುತ್ತಿದ್ದ.

"ನಿಮಗೆ ಊದಬೇಕು ಅನ್ಸುತ್ತೆ ತಾನೆ? ಊದಿ. ಎತ್ತಿಗೆ ನಾನು ಸಮಾಧಾನ ಹೇಳ್ತೀನಿ," ಎಂದು ಅವಳು ನಗುತ್ತಿದ್ದಳು.

ಅವನು ಕಲಿಯಲು ಹೊರಟದ್ದು ಅವಳೇ ಕಟ್ಟಿದ ಗಿಳಿ ಕರೆಯುವ ಪದವನ್ನು. ಮೊದಲ ಎರಡು ಸಾಲು ಹೇಗೋ ದಾಟುತ್ತಿತ್ತು. ಮೂರನೆಯ ಸಾಲಿನಲ್ಲಿ ಸ್ವರ ಒಮ್ಮೆಗೇ ಮೇಲಕ್ಕೆ ಹಾರಬೇಕು. ಅಲ್ಲಿ ಅವನ ಬೆರಳು ಹಿಂಜರಿದು, ಕೊಳಲು 'ಕೀಂ' ಎನ್ನುತ್ತಿತ್ತು. ತಪ್ಪಿದ ಜಾಗದಿಂದ ಮುಂದಕ್ಕೆ ಹೋಗಲು ಅವನ ಮನಸ್ಸು ಒಪ್ಪುತ್ತಿರಲಿಲ್ಲ. ಮತ್ತೆ ಮೊದಲಿನಿಂದ. ಮತ್ತೆ ಅದೇ 'ಕೀಂ'.

ಆ ರಾಜ್ಯದ ಉತ್ತರಕ್ಕೆ ಕರಿಬೆಟ್ಟದ ಮೇಲೆ ಗವಿಗಂಟಲನೆಂಬ ಮಾಂತ್ರಿಕನಿದ್ದ. ಹಾಡುಗಳೇ ಅವನಿಗೆ ಅನ್ನ. ಹಾಡುಗಾರರನ್ನು ತಾನು ಸಾಕಿದ ಹದ್ದಿನ ಕೈಯಲ್ಲಿ ಹಿಡಿಸಿ ತರಿಸಿ, ಎದುರಿಗೆ ಕೂರಿಸಿ, ತಲೆದೂಗುತ್ತ ಕೇಳುತ್ತಿದ್ದ. ಹಾಡು ಮುಗಿದ ಕೂಡಲೇ ಅದನ್ನು ಎರಡೂ ಕಿವಿಯಿಂದ ಹೀರಿ ಹೊಟ್ಟೆಗಿಳಿಸುತ್ತಿದ್ದ. ಹಾಡಿದವರು ನಿಂತಲ್ಲೇ ಹಸಿಮಣ್ಣಿನ ಗೊಂಬೆಗಳಾಗುತ್ತಿದ್ದರು. ಅವನು ಮಾತ್ರ ಎಂದೂ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ನುಂಗಿದ್ದೆಲ್ಲ ಹಾರಿಹೋಗುತ್ತಿತ್ತು. ಇದು ಅವನೊಬ್ಬನಿಗೇ ಗೊತ್ತಿದ್ದ ಗುಟ್ಟು.

ಒಂದು ದಿನ ಹದ್ದು ಬಂದು ಹೊನ್ನಾಜಿಯನ್ನೂ ಎತ್ತಿಕೊಂಡು ಹೋಯಿತು.

ರಾಜ ತನ್ನ ಆಸ್ಥಾನದ ವಿದ್ವಾಂಸರನ್ನೆಲ್ಲ ಕಳಿಸಿದ. ಸಂಗೀತಕ್ಕೆ ಮಾಂತ್ರಿಕನ ಮನಸ್ಸು ಕರಗೀತು ಎಂದು ಅವನ ಆಸೆ. ಅವರು ಒಬ್ಬರಿಗಿಂತ ಒಬ್ಬರು ಚೆನ್ನಾಗಿ ನುಡಿಸಿದರು, ಒಬ್ಬರ ಪಕ್ಕ ಒಬ್ಬರು ಗೊಂಬೆಯಾದರು. ಅಷ್ಟರಲ್ಲಿ ಮುಂಗಾರಿನ ಮೋಡ ಕವಿಯತೊಡಗಿತು. ಗೊಂಬೆಗಳು ನಿಂತಿದ್ದದ್ದು ಬಯಲಂಗಳದಲ್ಲಿ. ಒಂದು ಮಳೆ ಬಿದ್ದರೆ ಸಾಕು, ಎಲ್ಲರೂ ಕರಗಿ ಕೆಸರಾಗುತ್ತಿದ್ದರು.

ಬೊಮ್ಮಯ್ಯ ಕೊಳಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಾಜನ ಮುಂದೆ ನಿಂತ. "ನಾನು ಹೋಗ್ತೀನಿ ಬುದ್ಧಿ."

"ನಿನಗೆ ಕೊಳಲು ಬರುತ್ತಾ?"

"ಬರಲ್ಲ ಬುದ್ಧಿ. ಕಲೀತಾ ಇದ್ದೀನಿ."

"ಚೆನ್ನಾಗಿ ಬರುವವರೇ ಗೊಂಬೆಯಾದರಲ್ಲಪ್ಪ. ನೀನೇನು ಮಾಡ್ತೀಯ?"

"ಬಿಡಿಸೋಕಾದ್ರೆ ಅವಳನ್ನ ಕರ್ಕೊಂಡು ಬರ್ತೀನಿ. ಆಗದಿದ್ರೆ ಪಕ್ಕದಲ್ಲಿ ನಿಂತ್ಕೋತೀನಿ. ಕರಗಿದ್ರೆ ಇಬ್ಬರೂ ಕರಗ್ತೀವಿ," ಎಂದ ಬೊಮ್ಮಯ್ಯ. ರಾಜ ಹೋಗಿ ಬಾ ಎಂದು ಕೈಯೆತ್ತಿದ.

ಕರಿಬೆಟ್ಟದ ಬುಡದಲ್ಲಿ ತಾಳೆಮರದಷ್ಟು ಉದ್ದದ ಸರ್ಪ ದಾರಿಗೆ ಅಡ್ಡ ಮಲಗಿತ್ತು. ಅದಕ್ಕೆ ಕಣ್ಣು ಕಾಣದು. ಮನುಷ್ಯರ ದನಿ ಕೇಳಿದರೆ ಕಚ್ಚುತ್ತಿತ್ತು. "ಯಾರದು?" ಎಂದು ಅದು ಹೆಡೆ ಎತ್ತಿತು. ಹಾಡಿಗೆ ಹಾವು ತಲೆದೂಗುತ್ತದೆಂದು ಕೇಳಿದ್ದ ಬೊಮ್ಮಯ್ಯ ಕೊಳಲನ್ನು ತುಟಿಗಿಟ್ಟ. ಹೆದರಿಕೆಗೆ ತುಟಿ ಒಣಗಿತ್ತು. ಸ್ವರ ಬರಲಿಲ್ಲ, ಬರೀ ಗಾಳಿ ಬಂತು. 'ಸ್ಸ್ಸ್ಸ್.'

"ಓ, ನಮ್ಮವರೇ!" ಎಂದಿತು ಸರ್ಪ. "ಯಾವ ಹುತ್ತದವರು ತಾವು?"

ಬೊಮ್ಮಯ್ಯ ಮತ್ತೆ ಊದಿದ. 'ಸ್ಸ್ಸ್.'

"ಪಾಪ, ಹಲ್ಲೆಲ್ಲ ಬಿದ್ದಿರಬೇಕು. ಮಾತೇ ತಿಳಿಯೋದಿಲ್ಲ. ಹೋಗಿ ಅಜ್ಜ, ನಿಧಾನ," ಎಂದು ಸರ್ಪ ಸುರುಳಿ ಸರಿಸಿ ದಾರಿ ಬಿಟ್ಟಿತು.

ಬೆಟ್ಟದ ನಡುವೆ ಒಂದು ಹೆಬ್ಬುಲಿ. ನೂರು ವರ್ಷದಿಂದ ಅದು ರೆಪ್ಪೆ ಮುಚ್ಚಿರಲಿಲ್ಲ.

"ಕೊಳಲಾ? ನುಡಿಸು. ಬೇಜಾರಾದರೆ ತಿಂತೀನಿ," ಎಂದಿತು.

ಬೊಮ್ಮಯ್ಯ ಕೊಳಲೆತ್ತಿದ. ನೆನಪಿಗೆ ಬಂದದ್ದು ದಿನಾ ಬೆಳಿಗ್ಗೆ ಮಾಡುತ್ತಿದ್ದ ಅಭ್ಯಾಸವೊಂದೇ. ಉಸಿರು ಮುಗಿಯುವ ತನಕ ಒಂದೇ ಸ್ವರ. ಆಮೇಲೆ ಉಸಿರೆಳೆದುಕೊಂಡು ಮತ್ತೆ ಅದೇ ಸ್ವರ.

ಹುಲಿ ಸ್ವಲ್ಪ ಹೊತ್ತು ಕಾಯಿತು. "ಮುಂದೆ?"

"ಮುಂದೆ ಇಲ್ಲ ಸ್ವಾಮಿ. ಇದೇ."

ಹುಲಿಗೆ ಸಿಟ್ಟು ಬಂತು. ತಿನ್ನಲೆಂದು ಬಾಯಿ ತೆರೆಯಿತು. ತೆರೆದ ಬಾಯಿಗೆ ಆಕಳಿಕೆ ಬಂತು. ಆಕಳಿಕೆಯ ಹಿಂದೆ ನಿದ್ದೆ ಬಂತು. ನೂರು ವರ್ಷದ ನಿದ್ದೆ ನೋಡಿ, ಗೊರಕೆಗೆ ಮರದ ಕಾಯಿಗಳು ಉದುರಿದವು. ಬೊಮ್ಮಯ್ಯ ಅದರ ಬಾಲ ದಾಟಿಕೊಂಡು ಹೋದ.

ಬೆಟ್ಟದ ನೆತ್ತಿಯ ಅಂಗಳದಲ್ಲಿ ಗೊಂಬೆಗಳು ನಿಂತಿದ್ದವು. ಹೊನ್ನಾಜಿ ಕೊನೆಯಲ್ಲಿದ್ದಳು, ಹಾಡು ಮುಗಿಸಿದಾಗಿನ ನಗು ಇನ್ನೂ ಮುಖದಲ್ಲಿತ್ತು. ಬೊಮ್ಮಯ್ಯನಿಗೆ ಕಣ್ಣು ಮಂಜಾಯಿತು. ಗವಿಗಂಟಲ ಹೊಟ್ಟೆ ಸವರಿಕೊಂಡು, ಕೂತು ನುಡಿಸೆಂದು ಸನ್ನೆ ಮಾಡಿದ.

"ನುಡಿಸ್ತೀನಿ. ನನಗೆ ಬರೋದು ಇವಳ ಹಾಡೊಂದೇ," ಎಂದ ಬೊಮ್ಮಯ್ಯ. ಈ ಒಂದು ಸಲವಾದರೂ ಅವಳು ಹಾಡಿದ ಹಾಗೆ ನುಡಿಸಬೇಕೆಂದು ಮನಸ್ಸಿಟ್ಟು ಊದಿದ.

ಒಂದನೆಯ ಸಾಲು ದಾಟಿತು. ಎರಡನೆಯದು ದಾಟಿತು. ಮೂರನೆಯದರಲ್ಲಿ 'ಕೀಂ'.

"ತಪ್ಪಾಯ್ತು. ಮೊದಲಿನಿಂದ ಬರ್ತೀನಿ," ಎಂದ.

ಮತ್ತೆ ಒಂದು, ಎರಡು, 'ಕೀಂ'. ಗವಿಗಂಟಲನ ಹುಬ್ಬು ಗಂಟಾಯಿತು. ಆ ಹಾಡು ಅವನ ಹೊಟ್ಟೆಯಲ್ಲೇ ಇತ್ತು, ಮುಂದಿನ ಸ್ವರ ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೊಟ್ಟೆಯೊಳಗೆ ಹಾಡು ಮಗ್ಗುಲು ಬದಲಿಸಿತು.

ಟಪ್ ಎಂದು ಮಳೆಯ ಹನಿಯೊಂದು ಹೊನ್ನಾಜಿಯ ಭುಜದ ಮೇಲೆ ಬಿದ್ದು ಸಣ್ಣ ಗುಳಿ ಮಾಡಿತು. ಬೊಮ್ಮಯ್ಯನ ಜೀವ ಬಾಯಿಗೆ ಬಂತು. ಆದರೂ ಬಿಡಲಿಲ್ಲ. ಒಂದು, ಎರಡು, 'ಕೀಂ'.

"ತಪ್ಪಾಯ್ತು. ಮೊದಲಿನಿಂದ."

ಗವಿಗಂಟಲ ಕೈ ಎತ್ತಿ ಮೇಲಕ್ಕೆ, ಮೇಲಕ್ಕೆ ಎಂದು ತೋರಿಸಿದ. ತೊಡೆ ಬಡಿದುಕೊಂಡ. ಅವನ ತುಟಿ ಅದುರುತ್ತಿತ್ತು. ಇನ್ನೆರಡು ಹನಿ ಬಿದ್ದವು. ಒಂದು ಸಾಲು. ಎರಡು ಸಾಲು. ಬೊಮ್ಮಯ್ಯನ ಬೆರಳು ಆ ರಂಧ್ರದ ಮೇಲೆ ಬಂದು ಹಿಂಜರಿಯಿತು.

"ಅಯ್ಯೋ ದಡ್ಡ ಮುಂಡೇದೇ, ಮೇಲಕ್ಕೆ ಹೋಗೋ! ಹೀಗೆ!" ಎಂದು ಮಾಂತ್ರಿಕ ಕಿರುಚಿ, ಬಾಯಿ ತೆರೆದು ಆ ಸ್ವರ ಹಾಡಿಬಿಟ್ಟ.

ಮೊದಲು ಹಾರಿದ್ದು ಹೊನ್ನಾಜಿಯ ಪದ. ಅದರ ಬೆನ್ನಿಗೆ ಜೋಗುಳಗಳು, ಬೀಸುವ ಪದಗಳು, ಅರಮನೆಯ ರಾಗಗಳು, ಒಂದರ ಕಾಲು ಒಂದು ತುಳಿಯುತ್ತ ನುಗ್ಗಿ ಬಂದವು. ಮಾಂತ್ರಿಕ ಎರಡೂ ಕೈಯಿಂದ ಬಾಯಿ ಮುಚ್ಚಲು ನೋಡಿದ, ಆಗಲಿಲ್ಲ. ಕೊನೆಗೆ ಗಾಳಿ ಹೋದ ತಿದಿಯಂತೆ ಮುದುಡಿ, ನಿಜಕ್ಕೂ ತಿದಿಯೇ ಆಗಿ ಬಿದ್ದ. ಅದನ್ನು ಊರಿನ ಕಮ್ಮಾರ ಎತ್ತಿಕೊಂಡು ಹೋದ. ಒಳ್ಳೆಯ ಗಾಳಿ ಕೊಡುತ್ತದಂತೆ.

ಮಳೆ ಜೋರಾಗಿ ಸುರಿಯಿತು. ಅಷ್ಟರಲ್ಲಿ ಗೊಂಬೆಗಳೆಲ್ಲ ಮನುಷ್ಯರಾಗಿದ್ದರು. ಎಲ್ಲರೂ ನೆನೆದು ತೊಪ್ಪೆಯಾಗಿ ನಗುತ್ತ, ಅಳುತ್ತ ಬೆಟ್ಟ ಇಳಿದರು.

ರಾಜ ಬೊಮ್ಮಯ್ಯನಿಗೆ ಆಸ್ಥಾನ ವಿದ್ವಾಂಸನ ಪಟ್ಟ ಕೊಡಲು ಬಂದ. "ಬೇಡ ಬುದ್ಧಿ," ಎಂದ ಬೊಮ್ಮಯ್ಯ. "ಅರಮನೇಲಿ ತಪ್ಪಬಾರದು. ನಾನಿನ್ನೂ ತುಂಬಾ ತಪ್ಪೋದಿದೆ."

ನವಿಲುಕೋಟೆಯಲ್ಲಿ ಮತ್ತೆ ತೊಟ್ಟಿಲು ತೂಗುವವರು ಹಾಡಿದರು, ಜನ ಹೊಟ್ಟೆ ತುಂಬ ಉಂಡು ಕಣ್ಣು ತುಂಬ ಮಲಗಿದರು. ಬೊಮ್ಮಯ್ಯ ಕೊಳಲು ತೆಗೆದ. ಹೊನ್ನಾಜಿ ಎದುರಿಗೆ ಕೂತಳು. ಒಂದು ಸಾಲು, ಎರಡು ಸಾಲು, 'ಕೀಂ'. ಮೊದಲಿನಿಂದ ಬಂದ. 'ಕೀಂ'. ಮುಂದಿನ ಸ್ವರ ಅವಳ ನಾಲಿಗೆಯ ತುದಿಯಲ್ಲೇ ಇತ್ತು, ಪದ ಅವಳದೇ ಅಲ್ಲವೇ. ಆದರೂ ಅವಳು ಹೇಳಿಕೊಡಲಿಲ್ಲ, ಕೈಯೆತ್ತಿ ತೋರಿಸಲಿಲ್ಲ, ಅವನ ಮುಖವನ್ನೇ ನೋಡುತ್ತ ಕಾದಳು. ಮಳೆಗಾಲ ಪೂರ್ತಿ ಹಾಗೆ ಕಾದಳು. ಒಂದು ಸಂಜೆ ಅವನ ಬೆರಳು ತಾನಾಗಿ ಎದ್ದಿತು, ಸ್ವರ ಮೇಲಕ್ಕೆ ಹಾರಿತು.

ಬೊಮ್ಮಯ್ಯ ಗಾಬರಿಯಾಗಿ ಕೊಳಲು ಕೆಳಗಿಟ್ಟ. "ಬಂತಾ?"

"ಬಂತು ಕಣ್ರಿ," ಎಂದಳು ಹೊನ್ನಾಜಿ, ಕಣ್ಣೊರೆಸಿಕೊಳ್ಳುತ್ತ. "ನಿಲ್ಲಿಸಬೇಡಿ, ಮುಂದಕ್ಕೆ ಊದಿ."